ಕೂಗಿದ್ದು ಯಾರು

ಸಾನ್ ಹುವಾನ್ ಹಬ್ಬ ಕಳೆದ ವಾರ, ಬೆಳಗಿನ ಐದು ಗಂಟೆ.
ಎಲ್ ಆಲ್ಟೋದ ಚಳಿಗೆ ಮಿನಿಬಸ್ಸಿನ ಗಾಜು ಉಪ್ಪುಗಟ್ಟಿದಂತೆ ಬೆಳ್ಳಗಾಗಿದೆ.
ನೆಮೆಸಿಯೊ ಹಳೆಯ ಫೋನ್ ಕಾರ್ಡಿನಿಂದ ಅದನ್ನು ಕೆರೆದು
ಕೀಲಿ ತಿರುವಿದ್ದೇ ತಡ
ಸೀಟಿನಡಿಯಿಂದ, ಬಾಲ ತುಳಿಸಿಕೊಂಡ ಬೆಕ್ಕಿನ ಹಾಗೆ,
ಕೀಽಽ.

ಕೂಗುವುದು ನನ್ನ ಕೆಲಸ.
ಬಾಗಿಲಿಗೆ ಜೋತುಬಿದ್ದು
"ಸೇಹಾ, ಸೇಹಾ, ಪೆರೆಸ್, ಪ್ರಾದೋ!
ಎರಡು ಸೀಟು, ಎರಡೇ ಸೀಟು!"
ಸೀಟು ಎಂಟು ಖಾಲಿಯಿದ್ದರೂ ಎರಡೇ ಅನ್ನಬೇಕು.
ಮೂರು ವಾರದಿಂದ ನನಗೊಬ್ಬಳು ಎದುರಾಳಿ.
ನಾನು ಸೇಹಾ ಅಂದರೆ ಅವಳು ಕೀ ಅನ್ನುತ್ತಾಳೆ.
ಈರುಳ್ಳಿ ಮೂಟೆ ಹೊತ್ತು ಹತ್ತಿದ ಅಜ್ಜಿ ಕೇಳಿದಳು:
"ಕೂಗೋಕೆ ಇಬ್ಬರನ್ನಿಟ್ಟುಕೊಂಡಿದ್ದೀರಾ?
ಇಬ್ಬರಿಗೂ ಸಂಬಳ ಕೊಡ್ತೀರಾ?"

ನೆಮೆಸಿಯೊ ಎರಡು ಸಲ ಬೆಲ್ಟು ಬದಲಿಸಿದ.
ಮೊದಲನೆಯದು ನಾಲ್ಕು ದಿನ ಸುಮ್ಮನಿತ್ತು,
ಎರಡನೆಯದು ಮಧ್ಯಾಹ್ನದ ಊಟದವರೆಗೆ.
ನಡುವೆ ಯಾರದೋ ಮಾತಿಗೆ ಸೋಪು ತಿಕ್ಕಿದ,
ಇನ್ಯಾರದೋ ಮಾತಿಗೆ ಮೇಣದಬತ್ತಿ.
ಬಸ್ಸು ಇಗರ್ಜಿಯಂತೆ ವಾಸನೆ ಹೊಡೆಯಿತು.
ಕೀ ಮಾತ್ರ ಹಾಗೇ.

ಕೊನೆಗೆ ಹೋದದ್ದು ಹಳೆಯ ರೈಲು ಹಳಿಯಾಚೆ
ಡೋನ್ಯಾ ಬಸಿಲಿಯಾ ತಿಂತಾಯಾಳ ತಗಡಿನ ಶೆಡ್ಡಿಗೆ.
ಅರವತ್ತೆಂಟರ ಹೆಂಗಸು. ಎರಡೂ ಜಡೆ ಸೇರಿಸಿ ಗಂಟುಹಾಕಿ
ಸ್ವೆಟರಿನ ಬೆನ್ನೊಳಗೆ ತುರುಕಿಕೊಂಡಳು.
"ಬೆಲ್ಟಿಗೆ ಜಡೆ ಅಂದರೆ ಪ್ರಾಣ"
ಎಂದು ಕಿವಿಯ ಹಿಂದಿನ ಬೋಳು ಜಾಗ ತೋರಿಸಿದಳು,
ಮೆಡಲು ತೋರಿಸಿದಂತೆ.

ಸೀಟೆತ್ತಿ, ಎಂಜಿನ್ ಮೇಲೆ ಬಗ್ಗಿ, "ಕೂಗುತ್ತಿದೆಯಾ?" ಅಂದಳು.
ನಾವಿಬ್ಬರೂ ಕಿವಿ ಮುಚ್ಚಿಕೊಂಡಿದ್ದೆವು.
"ಮೇಲಿನ ದನಿಗಳು ನನ್ನನ್ನು ಬಿಟ್ಟು ಆರು ವರ್ಷ.
ಹಕ್ಕಿ, ಸೀಟಿ, ಕೆಟಲು, ಕೊನೆಯ ಮೊಮ್ಮಗಳ ಅಳು.
ಹುಡುಗಿ, ಬಾ ಇಲ್ಲಿ. ಇವತ್ತಿಗೆ ನೀನೇ ನನ್ನ ಕಿವಿ."

ಬಾಟಲಿಯ ಮುಚ್ಚಳಕ್ಕೊಂದು ತೂತು,
ಓಡುವ ಬೆಲ್ಟಿನ ಗೀರುಗೀರಿನ ಒಳಮೈಗೆ ಪಿಚಕ್ಕನೆ ನೀರು.
"ಜೋರಾಯಿತಾ? ಜೋರಾದರೆ ಬಿಗಿ ಸಾಲದು."
"ಇಲ್ಲ. ನಿಂತಿತು.
ನಿಲ್ಲಿ, ಮತ್ತೆ ಬಂತು."
"ಹಾಗಾದರೆ ಸಾಲಿನಲ್ಲಿ ಯಾರೋ ಓರೆ ನಿಂತಿದ್ದಾರೆ."

ಉದ್ದನೆಯ ಸ್ಕ್ರೂಡ್ರೈವರು. ಅದರ ಹಿಡಿ
ಕಿವಿಗಲ್ಲ, ಕಿವಿಯ ಹಿಂದಿನ ಎಲುಬಿಗೆ, ಬೋಳು ಜಾಗಕ್ಕೇ ಸರಿಯಾಗಿ.
ತುದಿಯನ್ನು ಆಲ್ಟರ್ನೇಟರಿನ ಮೈಗಿಟ್ಟು ತಲೆಯಾಡಿಸಿದಳು.
ನೀರಿನ ಪಂಪಿಗಿಟ್ಟು "ಇದು ಜಪ ಮಾಡುತ್ತಿದೆ, ಪಾಪ" ಅಂದಳು.
ಕೆಳಗೆ ಮೂಲೆಯಲ್ಲೊಂದು ಸಣ್ಣ ಗಾಲಿ,
ಏನನ್ನೂ ನಡೆಸದ, ಬೆಲ್ಟಿಗೆ ದಾರಿ ತೋರಿಸಲಷ್ಟೇ ಇರುವ ಗಾಲಿ.
ಅದರ ನಡುವಿನ ಬೋಲ್ಟಿಗೆ ತುದಿ ತಾಗಿದಾಗ
ಅವಳ ಹುಬ್ಬು ಕೂಡಿತು.
ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡಿದ್ದ.

ಹಿಡಿಯನ್ನು ನನ್ನ ಎಲುಬಿಗೂ ಒತ್ತಿದಳು.
ಅಲ್ಲಿ ಕೀ ಇರಲಿಲ್ಲ.
ಯಾರೋ ದೂರದಲ್ಲಿ, ಒಬ್ಬರೇ, ಕಲ್ಲು ಅಗಿಯುತ್ತಿದ್ದರು.

ಎಂಜಿನ್ ಆರಿಸಿ, ಬೆಲ್ಟು ಕಳಚಿ, ಅರೆ ನಿಮಿಷ ಬರಿದೇ ಓಡಿಸಿದಳು.
ಅಷ್ಟು ಮೌನ ನಮ್ಮ ಬಸ್ಸಿನಲ್ಲಿದೆಯೆಂದು ನಮಗೇ ಗೊತ್ತಿರಲಿಲ್ಲ.
ಮತ್ತೆ ಆರಿಸಿ ಆ ಗಾಲಿಯನ್ನು ಬೆರಳಲ್ಲಿ ತಿರುವಿದಳು,
ಅದು ಕುಡಿದವನಂತೆ ತೂಗಾಡಿ, ಗರಗರ ಅಂದು ನಿಂತಿತು.
"ಬೇರಿಂಗ್ ಸತ್ತು ವಾಲಿದೆ. ಅದರ ಮೇಲೆ ನೆಟ್ಟಗೆ ಓಡೆಂದರೆ
ಬೆಲ್ಟು ಕಿರುಚದೆ ಏನು ಮಾಡೀತು?"
ನೆಮೆಸಿಯೊ ಕಸದ ಡಬ್ಬಿಗೆ ಎಸೆದ ಬೆಲ್ಟುಗಳನ್ನು ನೆನೆದು
ಟೋಪಿ ತೆಗೆದು ಮತ್ತೆ ಹಾಕಿಕೊಂಡ.

ಹಳೆಯ ಗಾಲಿ ಈಗ ನನ್ನ ಜೇಬಿನಲ್ಲಿದೆ.
ಸಿಗ್ನಲ್ಲಿನಲ್ಲಿ ನಿಂತಾಗ ತಿರುವುತ್ತೇನೆ.
ಮೊನ್ನೆ "ಸೇಹಾ" ಅಂದಾಗ ನನ್ನ ದನಿ ನನಗೇ ಕೇಳಿಸಿತು:
ತುದಿಯಲ್ಲಿ ಒಡೆದದ್ದು, ಸಣ್ಣಗೆ ಕಿರ್ರೆನ್ನುವುದು.
ಕತ್ತಿನ ಬುಡಕ್ಕೆ ಎರಡು ಬೆರಳಿಟ್ಟು ನೋಡಿಕೊಂಡೆ.

ಈರುಳ್ಳಿ ಅಜ್ಜಿ ಹತ್ತಿದಳು, ಸುತ್ತ ನೋಡಿದಳು.
"ಆ ಇನ್ನೊಬ್ಬಳೆಲ್ಲಿ? ಕೆಲಸದಿಂದ ತೆಗೆದಿರಾ?"
"ಇಲ್ಲಜ್ಜಿ, ಇಲ್ಲೇ ಇದ್ದಾಳೆ.
ಅವಳ ಪಕ್ಕದವನನ್ನು ಬದಲಿಸಿದೆವು."